ಕಾರವಾರದ ಮಳೆಗಾಲದಲ್ಲಿ ಕಂಪ್ರೆಸರ್ ಗಾಳಿಯ ನೀರು: ನನ್ನ ಅನುಭವ

ಕಾರವಾರದ ಕೋಡಿಬಾಗ ಕಡೆ ವಾಹನಗಳಿಗೆ ಬಣ್ಣ ಹೊಡೆಯುವ ಗ್ಯಾರೇಜು ನನ್ನದು. ಒಂದು ಬದಿಗೆ ಕಾಳಿ ನದಿಯ ಅಳಿವೆ, ಇನ್ನೊಂದು ಬದಿಗೆ ಸಮುದ್ರ ಇರುವ ಈ ಜಾಗದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಣ್ಣಕ್ಕಿಂತ ಹೆಚ್ಚಾಗಿ, ಕಂಪ್ರೆಸರ್ ಒತ್ತಿ ಸ್ಪ್ರೇ ಗನ್ನಿಗೆ ಕೊಡುವ ಗಾಳಿಯನ್ನೇ ನೋಡಿಕೊಳ್ಳಬೇಕಾಗುತ್ತದೆ. ಸ್ಪ್ರೇ ಗನ್ನಿನಿಂದ ಒಂದು ಹನಿ ನೀರು ಹಾರಿದರೂ ಬಾನೆಟ್ ಮೇಲೆ ಗುಳಿ ಬೀಳುತ್ತದೆ. ಈಗಿನ ಟು-ಕೆ ಬಣ್ಣಗಳಿಗೆ ಗಟ್ಟಿಯಾಗಲೆಂದು ಬೆರೆಸುವ ಹಾರ್ಡನರಿನಲ್ಲಿರುವ ಐಸೋಸಯನೇಟ್ ನೀರಿನೊಡನೆ ಸೇರಿ ಇಂಗಾಲದ ಡೈಆಕ್ಸೈಡ್ ಬಿಡುವುದರಿಂದ ಸೂಜಿ ಚುಚ್ಚಿದಂಥ ರಂಧ್ರಗಳು ಏಳುತ್ತವೆ. ಇದಕ್ಕೆ ಹೆಚ್ಚಿನವರು ಮೊದಲು ಹುಡುಕುವ ಪರಿಹಾರವೆಂದರೆ ಗಾಳಿಯ ತೇವ ತೆಗೆಯುವ ದುಬಾರಿ ಡ್ರೈಯರ್. ಗಾಳಿಯನ್ನು ತಣಿಸದೆ ಡ್ರೈಯರಿಗೆ ದುಡ್ಡು ಹಾಕುವುದು ವ್ಯರ್ಥವೆಂಬುದು ನನ್ನ ಖಚಿತ ಅಭಿಪ್ರಾಯ.

ಲೆಕ್ಕ ಹೀಗಿದೆ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿಯಬಲ್ಲದು. ಮಳೆಗಾಲದಲ್ಲಿ ಆರ್ದ್ರತೆ ಶೇಕಡಾ 85 ಎಂದು ಹಿಡಿದರೆ ನಮ್ಮ ಕಂಪ್ರೆಸರ್ ಎಳೆದುಕೊಳ್ಳುವ ಪ್ರತಿ ಘನ ಮೀಟರಿನಲ್ಲಿಯೂ 26 ಗ್ರಾಂ ಆವಿ ಇರುತ್ತದೆ. ಒತ್ತಡದ ಗೇಜಿನಲ್ಲಿ 7 ಬಾರ್ ತೋರಿಸುವಾಗ, ವಾತಾವರಣದ 1 ಬಾರ್ ಸೇರಿ ನಿಜವಾದ ಒತ್ತಡ 8 ಬಾರ್ ಆಗುವುದರಿಂದ, ಆ ಗಾಳಿ ಎಂಟರಲ್ಲೊಂದು ಭಾಗಕ್ಕೆ ಕುಗ್ಗಿರುತ್ತದೆ. ಅದು ಮತ್ತೆ 30 ಡಿಗ್ರಿಗೆ ತಣಿದಾಗ ಅದರಲ್ಲಿ ಆವಿಯಾಗಿ ಉಳಿಯಬಲ್ಲದ್ದು ನಾಲ್ಕು ಗ್ರಾಮಿಗಿಂತ ಕಡಿಮೆ; ಉಳಿದ 22 ಗ್ರಾಂ ನೀರಾಗಿ ಬೀಳಲೇಬೇಕು. ಗಂಟೆಗೆ 30 ಘನ ಮೀಟರ್ ಗಾಳಿ ಎಳೆಯುವ ಯಂತ್ರ ಬಿಡುವಿಲ್ಲದೆ ಓಡಿದರೆ ಗಂಟೆಗೆ ಅರ್ಧ ಲೀಟರಿಗೂ ಹೆಚ್ಚು ನೀರು ಬೀಳುತ್ತದೆ. ಆದುದರಿಂದ ನೀರು ಬರುವುದು ಯಂತ್ರದ ದೋಷವಲ್ಲ; ಅದನ್ನು ಎಲ್ಲಿ ಬೀಳಿಸಬೇಕು ಎಂಬುದನ್ನು ಮಾತ್ರ ನಾವು ನಿರ್ಧರಿಸಬಹುದು.

ಕಂಪ್ರೆಸರಿನ ಗಾಳಿ ತುಂಬಿಡುವ ಟ್ಯಾಂಕಿನ ನೀರನ್ನು ದಿನವೂ ಬಿಟ್ಟರೂ ಗನ್ನಿಗೆ ನೀರು ಬರುತ್ತದೆ ಎಂಬ ದೂರಿಗೆ ಉತ್ತರವೂ ಇದೇ ಲೆಕ್ಕದಲ್ಲಿದೆ. ಕೆಲಸದ ಭರದಲ್ಲಿ ಟ್ಯಾಂಕಿನ ಗಾಳಿ 60 ಡಿಗ್ರಿಯಷ್ಟು ಬಿಸಿ ಇದ್ದರೆ, ಒಳಗೆಳೆದ ಪ್ರತಿ ಘನ ಮೀಟರಿನ ಪಾಲಿಗೆ ಸುಮಾರು 18 ಗ್ರಾಂ ನೀರು ಆವಿಯಾಗಿಯೇ ಉಳಿದು ಪೈಪಿನೊಳಗೆ ಸಾಗುತ್ತದೆ. ಅಲ್ಲಿರುವ ಫಿಲ್ಟರ್ ಹನಿಯನ್ನು ತಡೆಯುತ್ತದೆಯೇ ಹೊರತು ಆವಿಯನ್ನಲ್ಲ. ಫಿಲ್ಟರ್ ದಾಟಿದ ಆವಿ ತಂಪಾದ ಹೋಸಿನಲ್ಲಿ, ಗಂಜಿ ಪಾತ್ರೆಯ ಮುಚ್ಚಳದಡಿ ಹನಿ ಕಟ್ಟುವಂತೆ, ನೀರಾಗುತ್ತದೆ.

ಹಾಗಾಗಿ ನಾನು ಕೈಹಾಕಿದ್ದು ಮೊದಲು ಜಾಗಕ್ಕೆ. ಗಾಡಿ ತೊಳೆಯುವ ಕಟ್ಟೆಯ ಪಕ್ಕದಲ್ಲಿದ್ದ ಕಂಪ್ರೆಸರನ್ನು ಮಳೆಯ ಎರಚಲು ತಾಗದ, ಗಾಳಿಯಾಡುವ ಉತ್ತರದ ಜಗಲಿಗೆ ಸರಿಸಿದೆ. ಬಳಿಕ ಗಾಳಿಯನ್ನು ಒತ್ತುವ ಪಂಪಿಗೂ ಟ್ಯಾಂಕಿಗೂ ನಡುವೆ ತಾಮ್ರದ ಸುರುಳಿ ಕೊಳವೆಯನ್ನು ಕೂಡಿಸಿ ಅದರ ಮೇಲೆ ಫ್ಯಾನಿನ ಗಾಳಿ ಬೀಳುವಂತೆ ಮಾಡಿಸಿದೆ. ಸುರುಳಿಯಲ್ಲಿ ಕಟ್ಟಿದ ನೀರು ತಾನಾಗಿ ಟ್ಯಾಂಕಿಗೆ ಇಳಿಯುವಂತೆ ಇಳಿಜಾರಿರಬೇಕು. ಪಂಪಿನಿಂದ ಹೊರಡುವ ಗಾಳಿ ನೂರು ಡಿಗ್ರಿಗೂ ಮೀರಿ ಬಿಸಿ ಇರುವುದರಿಂದ ಇಲ್ಲಿ ರಬ್ಬರ್ ಹೋಸ್ ಬಳಸುವಂತಿಲ್ಲ. ಸೇಫ್ಟಿ ವಾಲ್ವ್ ಇಲ್ಲದೆ ಈ ಭಾಗದಲ್ಲಿ ಮುಚ್ಚುವ ವಾಲ್ವನ್ನು ಕೂಡಿಸಲೇಬಾರದು. ಈ ಕೆಲಸವನ್ನು ಬಲ್ಲ ಮೆಕ್ಯಾನಿಕನಿಂದಲೇ ಮಾಡಿಸಬೇಕು.

ಟ್ಯಾಂಕಿನಿಂದಾಚೆಗೆ ಪೈಪನ್ನು ಗೋಡೆಗುಂಟ ಉದ್ದಕ್ಕೆ ಎಳೆಸಿದ್ದೇನೆ. ಪೈಪ್ ಉದ್ದವಾದಷ್ಟೂ ಗಾಳಿ ತಣಿಯುತ್ತದೆ. ನೂರು ಅಡಿಗೆ ಒಂದು ಅಡಿಯಂತೆ ಗಾಳಿ ಹೋಗುವ ದಿಕ್ಕಿಗೇ ಇಳಿಜಾರು ಕೊಟ್ಟು, ಕೊನೆಯಲ್ಲಿ ನೇರ ಕೆಳಗಿಳಿಯುವ ತುಂಡಿಗೆ ಬಾಲ್ ವಾಲ್ವ್ ಹಾಕಿದೆ. ಕವಲುಗಳನ್ನು ಪೈಪಿನ ಅಡಿಯಿಂದಲ್ಲ, ಮೇಲ್ಭಾಗದಿಂದ ಬಾಗಿಸಿ ಇಳಿಸಬೇಕು. ತಳದಲ್ಲಿ ಹರಿಯುವ ನೀರು ಆಗ ಕವಲಿಗೆ ನುಗ್ಗುವುದಿಲ್ಲ. ನಮ್ಮ ಉಪ್ಪು ಗಾಳಿಯಲ್ಲಿ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನ ತುಕ್ಕು ಪುಡಿಯಾಗಿ ಗನ್ನಿಗೆ ಬರುವುದರಿಂದ ನಾನು ಅಲ್ಯೂಮಿನಿಯಂ ಪೈಪ್ ಆರಿಸಿದೆ. ಅಗ್ಗವೆಂದು ಪಿವಿಸಿ ಹಾಕುವವರೂ ಇದ್ದಾರೆ. ಒತ್ತಡದ ಗಾಳಿ ತುಂಬಿದ ಪಿವಿಸಿ ಒಡೆದರೆ ಚೂರುಗಳು ಗುಂಡಿನಂತೆ ಹಾರುತ್ತವೆ. ಅದನ್ನು ನನ್ನ ಗ್ಯಾರೇಜಿನೊಳಗೆ ಬಿಟ್ಟುಕೊಳ್ಳಲಾರೆ.

ಫಿಲ್ಟರ್ ಬರಬೇಕಾದದ್ದು ಗಾಳಿ ತಣಿದ ಮೇಲೆ, ಆದರೆ ರೆಗ್ಯುಲೇಟರಿಗಿಂತ ಮೊದಲು. ಹನಿಗಳೆಲ್ಲ 7 ಬಾರಿನಲ್ಲಿಯೇ ಬೇರ್ಪಟ್ಟಿದ್ದರೆ, ರೆಗ್ಯುಲೇಟರ್ ಒತ್ತಡವನ್ನು ಗೇಜಿನ 3 ಬಾರಿಗೆ (ನಿಜದಲ್ಲಿ 8ರಿಂದ 4ಕ್ಕೆ) ಇಳಿಸಿದಾಗ ಗಾಳಿ ಎರಡರಷ್ಟು ಹಿಗ್ಗಿ ಅದರ ಆರ್ದ್ರತೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಖರ್ಚಿಲ್ಲದೆ ಸಿಗುವ ಈ ಒಣತನ ನನ್ನ ಮಟ್ಟದ ಕೆಲಸಕ್ಕೆ ಬಹುಪಾಲು ಸಾಕಾಗಿದೆ. ಬಣ್ಣ ತುಂಬುವ ಮೊದಲು ಗನ್ನಿನಿಂದ ಬರಿಯ ಗಾಳಿಯನ್ನು ಒರೆಸಿದ ಕನ್ನಡಿಯ ಮೇಲೆ ಒಂದು ನಿಮಿಷ ಊದಿ ನೋಡುತ್ತೇನೆ. ಕನ್ನಡಿ ಶುಭ್ರವಾಗಿದ್ದೂ ಲ್ಯಾಕರ್ ಬೆಳ್ಳಗೆ ಮಂಕಾದರೆ ತಪ್ಪು ಕಂಪ್ರೆಸರಿನದ್ದಲ್ಲ. ಥಿನ್ನರ್ ಬೇಗ ಆರಿ ಮೇಲ್ಮೈ ತಣ್ಣಗಾಗಿ ಕೋಣೆಯ ತೇವ ಅಲ್ಲಿ ಕೂತಿರುತ್ತದೆ. ಅದಕ್ಕೆ ನಿಧಾನವಾಗಿ ಆರುವ ಥಿನ್ನರ್ ಬೇಕು. ಈ ಎರಡು ದೋಷಗಳನ್ನು ಒಂದೇ ಎಂದು ತಿಳಿದು ಬೇಡದ ಫಿಲ್ಟರ್ ಕೊಳ್ಳುವವರು ಬಹಳ.

ನೀರನ್ನು ತಾನಾಗಿ ಹೊರಬಿಡುವ ಆಟೋ ಡ್ರೇನ್ ಇದ್ದರೂ ಸಂಜೆ ಒತ್ತಡ ಇಳಿದ ಮೇಲೆ ಟ್ಯಾಂಕಿನ ತಳದ ವಾಲ್ವನ್ನು ಕೈಯಾರೆ ತೆರೆದು ರಾತ್ರಿಯಿಡೀ ತೆರೆದೇ ಬಿಡುತ್ತೇನೆ. ತುಕ್ಕಿನ ಕಣಗಳು ಆಟೋ ಡ್ರೇನನ್ನು ಸದ್ದಿಲ್ಲದೆ ಕಟ್ಟಿಬಿಡುತ್ತವೆ. ತಳ ತುಕ್ಕು ಹಿಡಿದು ತೆಳುವಾದ ಟ್ಯಾಂಕಿಗೆ ವೆಲ್ಡಿಂಗ್ ತೇಪೆ ಹಾಕುವ ಮಾತೇ ಇಲ್ಲ, ಟ್ಯಾಂಕನ್ನೇ ಬದಲಿಸಬೇಕು. ಮಳೆಗಾಲದಲ್ಲಿ ಕೆಲಸ ಕಡಿಮೆಯಾಗಿ ಯಂತ್ರ ಆಗಾಗ ಸ್ವಲ್ಪ ಹೊತ್ತು ಮಾತ್ರ ಓಡುವಾಗ ಪಂಪಿನ ಆಯಿಲ್ ಸಾಕಷ್ಟು ಬಿಸಿಯಾಗದೆ, ಅದರಲ್ಲಿ ಸೇರಿದ ನೀರು ಆರದೆ, ಹಾಲು ಬೆರೆಸಿದಂತೆ ಕಾಣುತ್ತದೆ. ಅಂಥ ದಿನಗಳಲ್ಲಿ ಟ್ಯಾಂಕಿನಿಂದ ಗಾಳಿ ಹೊರಹೋಗುವ ವಾಲ್ವನ್ನು ತುಸು ತೆರೆದು ಅರ್ಧ ಗಂಟೆ ಯಂತ್ರವನ್ನು ಓಡಿಸುತ್ತೇನೆ. ಬಣ್ಣ ಬದಲಾದ ಆಯಿಲನ್ನು ಅವಧಿ ಮುಗಿಯುವವರೆಗೆ ಕಾಯದೆ ತೆಗೆಯುತ್ತೇನೆ.

ದಿನವಿಡೀ ಬಣ್ಣದ ಕೆಲಸವಿರುವವರು ಇಷ್ಟೆಲ್ಲ ಆದ ಮೇಲೆ ರೆಫ್ರಿಜರೇಟೆಡ್ ಡ್ರೈಯರ್ ಕೂಡಿಸಬಹುದು. ಅದು ಗಾಳಿಯನ್ನು ಸುಮಾರು 3 ಡಿಗ್ರಿಗೆ ತಣಿಸಿ, ಮೊದಲಿನ 26 ಗ್ರಾಮಿನಲ್ಲಿ ಒಂದು ಗ್ರಾಮಿಗಿಂತ ಕಡಿಮೆ ಉಳಿಸುತ್ತದೆ. ಆದರೆ ಬಿಸಿ ಗಾಳಿಯನ್ನೇ ನೇರವಾಗಿ ಬಿಟ್ಟರೆ ಅದರ ಕೈಲಾಗದು. ಹೊರಬಿದ್ದ ನೀರಿನಲ್ಲಿ ಆಯಿಲ್ ಬೆರೆತಿರುವುದರಿಂದ ನಾನು ಅದನ್ನು ಅಂಗಳಕ್ಕೆ ಚೆಲ್ಲುವುದಿಲ್ಲ. ಇಲ್ಲಿಯ ಮರಳು ನೆಲದಲ್ಲಿ ಅದು ಬಾವಿಗಿಳಿಯಲು ಹೆಚ್ಚು ಕಾಲ ಬೇಡ. ಕ್ಯಾನಿನಲ್ಲಿ ಕೂಡಿಟ್ಟು, ಮೇಲೆ ತೇಲಿದ ಆಯಿಲನ್ನು ಗ್ಯಾರೇಜಿನ ಹಳೆ ಆಯಿಲಿನೊಡನೆ ಸೇರಿಸಿ, ಅದನ್ನು ಕೊಳ್ಳಲು ಪರವಾನಗಿ ಇರುವವರಿಗೇ ಕೊಡುತ್ತೇನೆ.