ಬಿರುಕು ಬಿಟ್ಟಷ್ಟೂ ಚೆಂದ: ಮನೆಯಲ್ಲೇ ಚೀನಾದ ಟೀ ಮೊಟ್ಟೆ

ತೈವಾನ್‌ನ ಸೆವೆನ್-ಇಲೆವೆನ್ ಅಂಗಡಿಗೆ ಕಾಲಿಟ್ಟರೆ ಮೊದಲು ಮೂಗಿಗೆ ಬಡಿಯುವುದು ಸೋಯಾ ಸಾಸ್ ಮತ್ತು ಚಕ್ರಮೊಗ್ಗಿನ ವಾಸನೆ. ಕೌಂಟರ್ ಆಸುಪಾಸಿನಲ್ಲೊಂದು ಕರೆಂಟ್ ಕುಕ್ಕರ್, ಅದರ ಕಂದು ನೀರಲ್ಲಿ ಸಿಪ್ಪೆ ಸಮೇತ ಮುಳುಗಿರುವ ಮೊಟ್ಟೆಗಳು. ಬೇಕಾದಷ್ಟು ಇಕ್ಕಳದಲ್ಲಿ ಎತ್ತಿಕೊಂಡರಾಯಿತು. ಚೀನಾದಲ್ಲಂತೂ ಇದು ಬೀದಿ ಬದಿಯ ಬೆಳಗಿನ ತಿಂಡಿ. 1980ರ ದಶಕದಲ್ಲಿ ಅಲ್ಲೊಂದು ಮಾತು ಓಡಾಡುತ್ತಿತ್ತು: ಕ್ಷಿಪಣಿ ಮಾಡುವವನಿಗಿಂತ ಟೀ ಮೊಟ್ಟೆ ಮಾರುವವನೇ ವಾಸಿ! ಬೀದಿ ವ್ಯಾಪಾರ ಕುದುರಿತ್ತು, ವಿಜ್ಞಾನಿಗಳ ಸಂಬಳ ಮಾತ್ರ ಇದ್ದಲ್ಲೇ ಇತ್ತು.

ಸಾಮಾನಿನ ಪಟ್ಟಿ ಚಿಕ್ಕದು. 8 ಮೊಟ್ಟೆ, ಒಂದು ಲೀಟರ್ ನೀರು, 5 ದೊಡ್ಡ ಚಮಚ ಲೈಟ್ ಸೋಯಾ ಸಾಸ್, 1 ದೊಡ್ಡ ಚಮಚ ಡಾರ್ಕ್ ಸೋಯಾ ಸಾಸ್, 2 ದೊಡ್ಡ ಚಮಚ ಎಲೆ ಟೀ, 2 ಚಕ್ರಮೊಗ್ಗು, ಎರಡು ಇಂಚು ಚಕ್ಕೆ, ಒಂದು ಪಲಾವ್ ಎಲೆ, ಅರ್ಧ ಚಮಚ ಸೋಂಪು, ಸಣ್ಣ ತುಂಡು ಕಲ್ಲುಸಕ್ಕರೆ, ಒಂದು ಚಮಚ ಉಪ್ಪು. ಒಣಗಿಸಿದ ಕಿತ್ತಳೆ ಸಿಪ್ಪೆ ಇದ್ದರೆ ಒಂದು ಚೂರು.

ಚೀನೀಯರು ಇದಕ್ಕೆ ಸಿಚುವಾನ್ ಮೆಣಸನ್ನೂ ಹಾಕುತ್ತಾರೆ. ಅದು ಸಿಗದಿದ್ದರೆ ಚಿಂತೆ ಬೇಡ. ನಮ್ಮ ಕರಾವಳಿಯಲ್ಲಿ ಮೀನು ಸಾರಿಗೆ ಹಾಕುವ ಜುಮ್ಮನಕಾಯಿ ಅದೇ ಕುಲದ್ದು. ನಾಲಿಗೆ ಜುಂ ಎನ್ನಿಸುವ ಗುಣವೂ ಅದೇ. ನಾಲ್ಕು ಕಾಯಿ ಸಾಕು, ಬೀಜ ತೆಗೆದು ಹಾಕಿ.

ಸೋಯಾ ಸಾಸ್‌ನಲ್ಲಿ ಲೈಟ್ ಉಪ್ಪು-ರುಚಿಗೆ, ಡಾರ್ಕ್ ಬಣ್ಣಕ್ಕೆ. ಲೇಬಲ್ ಓದಿ ಕೊಳ್ಳಿ, ಸೋಯಾ ಮತ್ತು ಗೋಧಿ ಹುದುಗಿಸಿ ಮಾಡಿದ್ದೇ ಒಳ್ಳೆಯದು. ಟೀ ವಿಷಯಕ್ಕೆ ಬಂದರೆ, ದುಬಾರಿ ಡಾರ್ಜಿಲಿಂಗ್ ಹಾಕುವುದು ದುಡ್ಡು ದಂಡ. ಈ ಮಸಾಲೆಯ ಮುಂದೆ ಅದರ ಘಮ ನಿಲ್ಲುವುದಿಲ್ಲ. ಮನೆಯಲ್ಲಿ ಬರೀ ಟೀ ಪುಡಿ ಇದೆಯಾ? ಅರ್ಧದಷ್ಟು ಬಟ್ಟೆಯಲ್ಲಿ ಕಟ್ಟಿ ಕೊನೆಯ ಐದು ನಿಮಿಷಕ್ಕೆ ಮಾತ್ರ ಹಾಕಿ. ಜಾಸ್ತಿ ಕುದಿದರೆ ಕಹಿ.

ಮೊದಲು ಮೊಟ್ಟೆ ಬೇಯಿಸಿ. ಕುದಿಯುವ ನೀರಿಗೆ ಮೆಲ್ಲಗೆ ಇಳಿಸಿ 8 ನಿಮಿಷ ಬಿಡಿ, ತಕ್ಷಣ ತಣ್ಣೀರಿಗೆ ಹಾಕಿ. ಅವತ್ತೇ ಇಟ್ಟ ಮೊಟ್ಟೆಗಿಂತ ವಾರದ ಹಿಂದಿನದು ವಾಸಿ, ಸಿಪ್ಪೆ ಸಲೀಸಾಗಿ ಬರುತ್ತದೆ.

ಈಗ ಕೈಚಳಕದ ಕೆಲಸ. ಸ್ಟೀಲ್ ಚಮಚದ ಬೆನ್ನಿನಿಂದ ಮೊಟ್ಟೆಯನ್ನು ತಿರುಗಿಸುತ್ತಾ ಟಕ್ ಟಕ್ ಎಂದು ತಟ್ಟಿ. ಸದ್ದು ಗಟ್ಟಿಯಾಗಿದ್ದರೆ ಸಿಪ್ಪೆ ಇನ್ನೂ ಬಿಗಿಯಾಗಿದೆ ಎಂದರ್ಥ. ಬಿರುಕು ಹರಡುತ್ತಾ ಹೋದಂತೆ ಸದ್ದು ಮೆತ್ತಗಾಗುತ್ತದೆ, ಬೆರಳಿಗೆ ಸಿಪ್ಪೆ ಸ್ವಲ್ಪ ಒಳಕ್ಕೆ ಕುಸಿದಂತೆ ಗೊತ್ತಾಗುತ್ತದೆ. ಅಲ್ಲಿಗೆ ನಿಲ್ಲಿಸಿ. ಸಿಪ್ಪೆಯ ಒಂದು ಚೂರೂ ಉದುರಬಾರದು. ಉದುರಿದ ಜಾಗದಲ್ಲಿ ಗೆರೆ ಮೂಡುವುದಿಲ್ಲ, ಸುಮ್ನೆ ಕಂದು ಕಲೆಯಾಗುತ್ತದೆ. ಟೀ-ಸೋಯಾ ನೀರು ಬಿರುಕಿನಲ್ಲಿ ಇಳಿದಲ್ಲಿ ಮಾತ್ರ ಬಣ್ಣ ಹತ್ತುತ್ತದೆ. ಕೊನೆಗೆ ಸಿಪ್ಪೆ ತೆಗೆದಾಗ ಕಾಣುವುದು ಹಳೆಯ ಪಿಂಗಾಣಿ ಬಟ್ಟಲಿನ ಮೇಲಿನಂಥ ಕಂದು ಬಲೆ.

ಉಳಿದ ಸಾಮಾನನ್ನೆಲ್ಲ ನೀರಿಗೆ ಹಾಕಿ ಒಂದು ಕುದಿ ಬರಿಸಿ, ಮೊಟ್ಟೆ ಇಳಿಸಿ, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ 20 ನಿಮಿಷ ಇಡಿ. ಮೊಟ್ಟೆ ಪೂರ್ತಿ ಮುಳುಗಿರಬೇಕು. ಪ್ರೆಶರ್ ಕುಕ್ಕರ್ ಕೂಗಿಸುವ ಆಸೆ ಬೇಡ. ಬೀದಿ ವ್ಯಾಪಾರಿಗಳು ದಿನವಿಡೀ ಒಲೆಯ ಮೇಲೇ ಇಡುತ್ತಾರೆ, ಬಿಳಿ ಭಾಗ ಗಟ್ಟಿಯಾಗಿ ಅಗಿಯುವಂತಾಗುತ್ತದೆ. ಅದನ್ನೇ ಇಷ್ಟಪಡುವವರೂ ಉಂಟು. ನನ್ನ ಮಟ್ಟಿಗೆ ಕುದಿ ಕಡಿಮೆ, ನೆನೆ ಜಾಸ್ತಿ ಇದ್ದರೇ ರುಚಿ. ಅತಿಯಾಗಿ ಬೆಂದರೆ ಹಳದಿಯ ಸುತ್ತ ಹಸಿರು-ಬೂದು ಉಂಗುರ ಬರುತ್ತದೆ. ಬಿಳಿ ಭಾಗದ ಗಂಧಕ ಹಳದಿಯ ಕಬ್ಬಿಣದ ಜತೆ ಸೇರಿ ಆಗುವ ಬಣ್ಣ ಅದು. ತಿಂದರೆ ಏನೂ ಆಗುವುದಿಲ್ಲ, ನೋಡಲು ಚೆನ್ನಾಗಿರುವುದಿಲ್ಲ ಅಷ್ಟೇ.

ಆರಿದ ಮೇಲೆ ನೀರಿನ ಸಮೇತ ಫ್ರಿಜ್‌ಗೆ. ರಾತ್ರಿಯಿಡೀ ನೆನೆಯಲಿ. ಎರಡನೇ ದಿನಕ್ಕೆ ಗೆರೆ ಇನ್ನಷ್ಟು ಗಾಢ, ಆದರೆ ಉಪ್ಪೂ ಏರುತ್ತದೆ. ಮೂರು ದಿನದೊಳಗೆ ಮುಗಿಸಿಬಿಡಿ. ಬೆಳಿಗ್ಗೆ ಅದೇ ನೀರಲ್ಲಿ ಬಿಸಿ ಮಾಡಿ, ಸಿಪ್ಪೆ ಸುಲಿದು ಹಾಗೇ ತಿನ್ನಿ, ಅಥವಾ ಚೀನೀಯರ ಹಾಗೆ ಅಕ್ಕಿ ಗಂಜಿಯ ಜತೆ. ಉಳಿದ ನೀರನ್ನು ಚೆಲ್ಲಬೇಡಿ. ಸೋಸಿ, ಕುದಿಸಿ, ಫ್ರೀಜರ್‌ನಲ್ಲಿಟ್ಟರೆ ಇನ್ನೊಂದು ಸುತ್ತಿಗೆ ಬರುತ್ತದೆ. ಆಗ ಒಂದಿಷ್ಟು ಹೊಸ ಟೀ, ಎರಡು ಚಮಚ ಸೋಯಾ ಸಾಸ್ ಸೇರಿಸಿದರೆ ಸಾಕು.