ಯುಸಿಇ ಇಂಜಿನ್ನಿನ ಟಕಟಕ: ಮೊದಲು ಸ್ಕ್ರೂಡ್ರೈವರ್ ಹಿಡಿದು ಕೇಳಿ

ಯುಸಿಇ ಇಂಜಿನ್ (ಇಂಜಿನ್, ಗೇರ್‌ಬಾಕ್ಸ್ ಒಂದೇ ಕವಚದಲ್ಲಿರುವುದು) ಇರುವ ಹಳೇ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350/500 ಬೈಕಿನವರಿಗೆ: ಟ್ಯಾಪೆಟ್ (ಕ್ಯಾಮ್‌ನ ಚಲನೆಯನ್ನು ವಾಲ್ವ್ ಕಡೆಗೆ ದಾಟಿಸುವ ಭಾಗ) ಸದ್ದು ಅಂತ ಇಂಜಿನ್ ಬಿಚ್ಚಿಸುವ ಮೊದಲು, ಗಾಡಿ ಚೆನ್ನಾಗಿ ಬಿಸಿಯಾದ ಮೇಲೆ ಐಡಲ್‌ನಲ್ಲಿ ಬಿಟ್ಟು, ಉದ್ದದ ಸ್ಕ್ರೂಡ್ರೈವರ್ ತುದಿಯನ್ನು ಬಲಗಡೆ ಸಿಲಿಂಡರ್ ಬುಡದ ಹತ್ತಿರ ಕ್ರ್ಯಾಂಕ್‌ಕೇಸಿಗೆ ಒತ್ತಿ, ಹಿಡಿಯನ್ನು ಕಿವಿಗೆ ತಾಗಿಸಿ. ಆಮೇಲೆ ಇಂಜಿನ್ ತಲೆಯಲ್ಲಿರುವ ರಾಕರ್ (ವಾಲ್ವನ್ನು ಒತ್ತುವ ಸನ್ನೆ) ಕವರ್ ಮೇಲಿಟ್ಟು ಕೇಳಿ. (ಸೈಲೆನ್ಸರ್ ಪೈಪ್ ಅದೇ ಕಡೆ ಇದೆ, ಮೊಣಕೈ ಜೋಪಾನ.) ಈ ಇಂಜಿನ್ನಿನಲ್ಲಿ ಹೈಡ್ರಾಲಿಕ್ ಟ್ಯಾಪೆಟ್ (ಆಯಿಲ್ ಒತ್ತಡದಿಂದ ಗ್ಯಾಪನ್ನು ತಾನೇ ಸರಿ ಮಾಡಿಕೊಳ್ಳುವಂಥದ್ದು) ಕೂರುವುದು ಕೆಳಗೆ, ರಾಕರನ್ನು ತಳ್ಳುವ ಪುಶ್‌ರಾಡ್ ಬುಡದಲ್ಲಿ. ಹಾಗಾಗಿ ಕೆಳಗೆ ಜೋರಾಗಿ ಕೇಳಿದರೆ ಟ್ಯಾಪೆಟ್ ಮೇಲೆ ಅನುಮಾನ, ಮೇಲೆ ಜೋರಿದ್ದರೆ ರಾಕರ್ ಕಡೆ ನೋಡಿಸಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಸ್ವಲ್ಪ ಹೊತ್ತು ಬಡಿದು ಸದ್ದು ನಿಂತರೆ ತಲೆ ಕೆಡಿಸಿಕೊಳ್ಳಬೇಡಿ, ಟ್ಯಾಪೆಟ್‌ನಿಂದ ಇಳಿದುಹೋದ ಆಯಿಲ್ ಮತ್ತೆ ತುಂಬುತ್ತಿದೆ ಅಷ್ಟೇ. ಬಿಸಿಯಾದ ಮೇಲೂ ನಿಲ್ಲದಿದ್ದರೆ ಮೊದಲು ಆಯಿಲ್ ಲೆವೆಲ್ (ಮೇನ್ ಸ್ಟ್ಯಾಂಡ್ ಹಾಕಿಯೇ ನೋಡಿ), ಗ್ರೇಡ್, ಫಿಲ್ಟರ್. ಇವಕ್ಕೆ ಆಗುವ ಖರ್ಚು ಟ್ಯಾಪೆಟ್ ಬದಲಿಸುವುದಕ್ಕಿಂತ ಎಷ್ಟೋ ಕಡಿಮೆ. ಪಿಸ್ಟನ್ ಸದ್ದು, ಟೈಮಿಂಗ್ ಗೇರ್ ಸದ್ದು ಇದ್ದರೆ ಈ ಉಪಾಯ ಕೈಕೊಡುತ್ತದೆ, ಲೋಹದಲ್ಲಿ ಸದ್ದು ಎಲ್ಲ ಕಡೆಗೂ ಹರಡುತ್ತದೆ. 2021ರಲ್ಲಿ ಬಂದ ಜೆ ಸೀರೀಸ್ (ಹೊಸ ಇಂಜಿನ್) ಕ್ಲಾಸಿಕ್‌ಗೂ ಇದು ಅನ್ವಯಿಸಲ್ಲ; ಅದರಲ್ಲಿ ಹೈಡ್ರಾಲಿಕ್ ಟ್ಯಾಪೆಟ್ಟೇ ಇಲ್ಲ, ವಾಲ್ವ್ ಗ್ಯಾಪ್ ಚೆಕ್ ಮಾಡಿಸಬೇಕು.