ನೀರಿಗೆಂದು ಗುಂಡಿ ತೋಡಿದೆ, ಸಿಕ್ಕಿದ್ದು ದರಕು

ಶಿರಸಿ ಸೀಮೆಯಲ್ಲಿ ನಮ್ಮದೊಂದು ಎಕರೆ ಅಡಿಕೆ ತೋಟ. ಮೇಲೆ ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು, ಒಣ ಎಲೆ ತರುವ ಕಾಡು), ಕೆಳಗೆ ಹಳ್ಳ, ತೋಟದ ಮೂಲೆಯಲ್ಲಿ ಬಾವಿ. ಮಳೆಗಾಲದಲ್ಲಿ ಬಗ್ಗಿದರೆ ಬಾವಿಯ ನೀರು ಕೈಗೆ ಸಿಗುತ್ತದೆ. ಏಪ್ರಿಲ್ ಬಂತೆಂದರೆ ಪಂಪು ಕಾಲು ಗಂಟೆಗೇ ಗಾಳಿ ಎಳೆಯುತ್ತದೆ. ಬಯಲುಸೀಮೆಯ ನೆಂಟರಿಗೆ ಇದನ್ನು ಹೇಳಿದರೆ ನಂಬುವುದೇ ಇಲ್ಲ.

ಒಂದು ಸಲ ಸುಮ್ನೆ ಲೆಕ್ಕ ಹಾಕಿದೆ. ಒಂದು ಚದರ ಮೀಟರ್ ಜಾಗದಲ್ಲಿ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. ಎಕರೆಗೆ ಸುಮಾರು 4,000 ಲೀಟರ್. ವರ್ಷಕ್ಕೆ 2,500 ಮಿಲಿಮೀಟರ್ ಮಳೆ ಅಂತ ಹಿಡಿದರೆ ಎಕರೆಗೆ 1 ಕೋಟಿ ಲೀಟರ್! ಇಷ್ಟೆಲ್ಲ ಹರಿದು ಹೋಗಲು ಬಿಟ್ಟು ಬೇಸಿಗೆಯಲ್ಲಿ ಆಕಾಶ ನೋಡುವುದೇ? ಮಳೆನೀರು ನಿಂತು ನೆಲಕ್ಕೆ ಇಳಿಯಲಿ ಅಂತ ಬೆಟ್ಟದಲ್ಲಿ ಇಂಗುಗುಂಡಿ ತೋಡಿಸಿದೆ. ಪಾರದರ್ಶಕ ಪೈಪಿಗೆ ನೀರು ತುಂಬಿ ಮಟ್ಟ ನೋಡಿ, ಇಳಿಜಾರಿಗೆ ಅಡ್ಡವಾಗಿ ಸಾಲು ಹಿಡಿದೆವು.

ಆರಿದ್ರಾ ಮಳೆಗೆ ಗುಂಡಿಗಳು ತುಂಬಿದವು, ಇಂಗಿದವು. ಖುಷಿಯೋ ಖುಷಿ. ಪುಷ್ಯ ಮಳೆ ಬರುವಷ್ಟರಲ್ಲಿ ನೀರು ಇಂಗುವುದೇ ನಿಂತಿತು. ಕೆಂಪು ನೀರು ದಿನಗಟ್ಟಲೆ ನಿಂತು ಸೊಳ್ಳೆ ಸಾಕಿತು. ಬೇಸಿಗೆಯಲ್ಲಿ ಕೆರೆದು ನೋಡಿದರೆ ತಳದಲ್ಲಿ ನುಣ್ಣನೆ ಕೆಸರಿನ ಪದರ, ಕುಂಬಾರ ಸವರಿದ ಹಾಗೆ.

ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ಒಂದು ಗುಂಡಿಯನ್ನು ಕಡಿದಾದ ದರೆಯ ಅಂಚಿಗೇ ತೋಡಿಸಿದ್ದೆ. ದರೆ ಅಂದರೆ ಗೋಡೆಯ ಹಾಗೆ ನಿಂತ ಮಣ್ಣಿನ ಏರು. ಜೋರು ಮಳೆಯ ಒಂದು ರಾತ್ರಿ ದರೆ ಜರಿದು ಎರಡು ಅಡಿಕೆ ಮರವನ್ನು ಎಳೆದುಕೊಂಡು ಹೋಯಿತು. ನೀರು ಕುಡಿದ ಮಣ್ಣು ಭಾರವಾಗುತ್ತದೆ, ಹಿಡಿತವನ್ನೂ ಕಳೆದುಕೊಳ್ಳುತ್ತದೆ. 2021ರ ಜುಲೈನಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ಗುಂಡಿ ಮುಚ್ಚಿಸಿದೆ. ಕಡಿದಾದ ಜಾಗದಲ್ಲಿ ನೀರು ಇಂಗಿಸಲು ಹೋಗಬೇಡಿ.

ಕೆಸರು ಬಂದದ್ದೆಲ್ಲಿಂದ ಅನ್ನುವುದು ತಲೆ ಕೊರೆಯುತ್ತಿತ್ತು. ಹಳೆಯ ಡಬ್ಬವೊಂದರ ಎರಡೂ ಬದಿ ಕತ್ತರಿಸಿ, ಮಣ್ಣಿಗೆ ಎರಡು ಬೆರಳು ಇಳಿಯುವಷ್ಟು ಬಡಿದು, ಒಂದು ತಂಬಿಗೆ ನೀರು ಹೊಯ್ದೆ. ಮೊದಲು ದರಕು ಗುಡಿಸಿದ ಜಾಗದಲ್ಲಿ. ದರಕು ಅಂದರೆ ಉದುರಿದ ಒಣ ಎಲೆ. ನಾನು ಒಂದು ಕವಳ (ಎಲೆ ಅಡಿಕೆ) ಹಾಕಿ ಮುಗಿಸಿದರೂ ನೀರು ಅಲ್ಲೇ ಇತ್ತು. ಇಪ್ಪತ್ತು ಹೆಜ್ಜೆ ಆಚೆ, ಯಾರೂ ಗುಡಿಸದ ಮತ್ತಿ ಮರದ ಬುಡದಲ್ಲಿ ಅದೇ ತಂಬಿಗೆ ನೀರು ಗಟಗಟ ಇಳಿಯಿತು. ಬೆಟ್ಟ ಒಂದೇ, ಕೆಂಪು ಮಣ್ಣೂ ಒಂದೇ.

ಬರಿ ನೆಲಕ್ಕೆ ಮಳೆಹನಿ ಬಡಿದರೆ ಮಣ್ಣಿನ ಹೆಂಟೆ ಒಡೆದು, ಹುಡಿ ಹೋಗಿ ಸಣ್ಣ ಸಣ್ಣ ತೂತುಗಳಲ್ಲಿ ಕೂರುತ್ತದೆ. ಬಾಗಿಲು ಹಾಕಿದ ಹಾಗೆ. ಮೇಲೆ ದರಕು ಇದ್ದರೆ ಪೆಟ್ಟು ಅದಕ್ಕೆ ಬೀಳುತ್ತದೆ. ಅದರಡಿಯ ತಂಪಿನಲ್ಲಿ ಎರೆಹುಳು, ಗೆದ್ದಲು ದಾರಿ ಕೊರೆಯುತ್ತವೆ. ಸತ್ತ ಬೇರು ಕೊಳೆತ ಜಾಗವೂ ಕೊಳವೆಯೇ. ನಾನು ದುಡ್ಡು ಕೊಟ್ಟು ಹತ್ತಾರು ಗುಂಡಿ ತೋಡಿಸುತ್ತಿದ್ದಾಗ ಇವೆಲ್ಲ ಸಾವಿರಗಟ್ಟಲೆ ಗುಂಡಿಗಳನ್ನು ಬಿಟ್ಟಿಯಾಗಿ ತೋಡಿದ್ದವು.

ಆಮೇಲೆ ಹಳ್ಳವೂ ಬೇರೆ ಥರ ಕಾಣತೊಡಗಿತು. ದರೆಯ ಬುಡದಲ್ಲಿ ನೀರು ಒಸರುವ ಕಡೆ ತುಕ್ಕಿನ ಬಣ್ಣದ ಲೋಳೆ, ಮೇಲೆ ಎಣ್ಣೆಯಂಥ ಹೊಳಪು. ಯಾರದೋ ಪಂಪಿನ ಆಯಿಲ್ ಅಂತ ಅನುಮಾನಪಟ್ಟಿದ್ದೆ. ಕಡ್ಡಿಯಿಂದ ಕದಡಿ ನೋಡಿ. ಎಣ್ಣೆಯಾದರೆ ಮತ್ತೆ ಕೂಡಿಕೊಳ್ಳುತ್ತದೆ. ಇದು ಗಾಜಿನ ಹಾಗೆ ಚೂರು ಚೂರಾಗುತ್ತದೆ. ನಮ್ಮ ಜಂಬಿಟ್ಟಿಗೆ ಕಲ್ಲು, ಅಂದರೆ ಮನೆ ಕಟ್ಟುವ ತೂತು ತೂತಿನ ಕೆಂಪು ಕಲ್ಲು ಇದೆಯಲ್ಲ, ಅದು ಮಳೆಯದೇ ಕೆಲಸ. ಲಕ್ಷಾಂತರ ವರ್ಷ ಬಂಡೆಯ ಸಿಲಿಕಾವನ್ನು ತೊಳೆದು ಒಯ್ದು ಕಬ್ಬಿಣ, ಅಲ್ಯೂಮಿನಿಯಂ ಉಳಿಸಿದೆ. ಎಲೆ ಕೊಳೆಯುವಾಗ ನೀರಿನಲ್ಲಿದ್ದ ಆಮ್ಲಜನಕ ಖರ್ಚಾಗುತ್ತದೆ. ಅಂಥ ನೀರಿಗೆ ಆ ಕಬ್ಬಿಣ ಕರಗಿ ಬರುತ್ತದೆ. ಹೊರಗೆ ಬಂದು ಗಾಳಿ ತಾಗಿದ ಕೂಡಲೇ ತುಕ್ಕು. ಆ ತುಕ್ಕು ಮಾಡಿಯೇ ಬದುಕುವ ಬ್ಯಾಕ್ಟೀರಿಯಾಗಳೂ ಇವೆ. ಮಳೆ, ಕಲ್ಲು, ಎಲೆ, ಗಾಳಿ, ಜೀವ ಎಲ್ಲ ಒಂದು ಬೊಗಸೆ ಲೋಳೆಯಲ್ಲಿ! ಇಷ್ಟು ವರ್ಷ ಅದನ್ನು ದಾಟಿಕೊಂಡೇ ಓಡಾಡಿದ್ದೆ.

ಹಾಗಾದರೆ ದರಕು ಗುಡಿಸುವುದನ್ನು ನಿಲ್ಲಿಸಿದರಾಯಿತು, ಅಲ್ವಾ? ಅಷ್ಟು ಸುಲಭವಲ್ಲ. ಬ್ರಿಟಿಷರ ಕಾಲದಲ್ಲಿ ಎಕರೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟದ ಹಕ್ಕು ಕೊಟ್ಟದ್ದೇ ಸೊಪ್ಪು, ದರಕಿಗಾಗಿ. ಅದು ಕೊಟ್ಟಿಗೆಗೆ ಹಾಸಿಗೆ, ಆಮೇಲೆ ಗೊಬ್ಬರ, ಆಮೇಲೆ ಅಡಿಕೆ. ಅಮ್ಮನಿಗೆ ಹೇಳಿದರೆ, "ದರಕು ಬಿಟ್ಟು ಕೊಟ್ಟಿಗೆಗೆ ಎಂತ ಹಾಸದು ತಮಾ, ನಿನ್ನ ಪೇಪರ್ರಾ?" ಅಂದಳು.

ಕೊನೆಗೆ ರಾಜಿಯಾಯಿತು. ಬೆಟ್ಟದ ಮೇಲರ್ಧದ ದರಕು ಮುಟ್ಟುವ ಹಾಗಿಲ್ಲ. ಗಡಿಗೆ ಕಲ್ಲು ಇಟ್ಟಿದ್ದೇನೆ. ಕೊಟ್ಟಿಗೆಗೆ ಕೆಳಗಿನದು ಮಾತ್ರ. ಗುಂಡಿಗಳಿಗೆ ಈಗ ಕೆಸರು ಕಡಿಮೆ. ಹೋದ ವರ್ಷ ಪಂಪು ಮೇ ಮೊದಲ ವಾರದವರೆಗೂ ಓಡಿತು. ಆದರೆ ಅದು ದರಕಿನ ಮಹಿಮೆ ಅಂತ ಹೇಳಲಾರೆ. ಆ ಏಪ್ರಿಲ್‌ನಲ್ಲಿ ಎರಡು ಅಡ್ಡಮಳೆ ಬಂದಿತ್ತು. ಇನ್ನೂ ನಾಲ್ಕೈದು ವರ್ಷ ಬಾವಿಗೆ ಹಗ್ಗ ಬಿಟ್ಟು ಅಳೆದು ಬರೆದಿಡಬೇಕು.

ಮೊನ್ನೆ ಅಮ್ಮ ಕಲ್ಲು ದಾಟಿ ಎರಡು ಹೊರೆ ತಂದಿದ್ದಾಳೆ. ಗೊತ್ತಾಗದವನ ಹಾಗೆ ಇದ್ದೇನೆ.